ಎರಡಾಣೆಯ ಪಿಗ್ಮಿಯಿಂದ ಉದ್ಯೋಗ ಭವನದವರೆಗೆ: ಟಿ. ಎ. ಪೈಯವರ ಬದುಕು

ಮುಂಬಯಿ ಮತ್ತು ಉಪನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ, ಅದರಲ್ಲೂ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಿಂದ ಬಂದವರಲ್ಲಿ, ಬ್ಯಾಂಕಿನ ನಂಟಿಲ್ಲದ ಮನೆ ವಿರಳ. ಒಬ್ಬರು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರೆ ಮತ್ತೊಬ್ಬರು ಬ್ಯಾಂಕಿನ ಸಾಲದಿಂದ ಹೋಟೆಲು ತೆರೆದವರು. ಇನ್ನೊಬ್ಬರ ಮನೆಯಲ್ಲಿ ಮಗಳ ಮದುವೆ ನಡೆದದ್ದು ಊರಿನಲ್ಲಿ ದಿನದಿನವೂ ಕೂಡಿಟ್ಟ ಪಿಗ್ಮಿ ಹಣದಿಂದ. ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯ ಎಂಬ ಐದು ಬ್ಯಾಂಕುಗಳು ಹುಟ್ಟಿದ್ದು ಆ ಒಂದೇ ಜಿಲ್ಲೆಯಲ್ಲಿ. ಆದರೆ ಹಣವನ್ನು ಇಷ್ಟು ಚೆನ್ನಾಗಿ ಬಲ್ಲ ಜಿಲ್ಲೆಯ ಮಕ್ಕಳೇ ಹೊಟ್ಟೆಪಾಡಿಗಾಗಿ ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಮುಂಬಯಿಯ ಹೋಟೆಲುಗಳಿಗೆ ಬಂದು, ಹಗಲು ಲೋಟ ತೊಳೆದು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಬೇಕಾಯಿತು. ಈ ವಿಪರ್ಯಾಸವನ್ನು ಮನಸ್ಸಿಗೆ ಹಚ್ಚಿಕೊಂಡು, ಮೊದಲು ಬ್ಯಾಂಕಿನ ಮೇಜಿನಿಂದಲೂ ಅನಂತರ ಕೇಂದ್ರ ಸಚಿವರ ಪೀಠದಿಂದಲೂ ಅದಕ್ಕೆ ಉತ್ತರ ಹುಡುಕಿದವರು ದಿವಂಗತ ಟಿ. ಎ. ಪೈಯವರು.

ತೋನ್ಸೆ ಅನಂತ ಪೈಯವರು ಜನಿಸಿದ್ದು 1922ರ ಜನವರಿ 17ರಂದು. ತಂದೆ ಉಪೇಂದ್ರ ಅನಂತ ಪೈ ವ್ಯಾಪಾರಸ್ಥರು. ಚಿಕ್ಕಪ್ಪ ಮಣಿಪಾಲದ ನಿರ್ಮಾತೃ ಡಾ. ಟಿ. ಎಂ. ಎ. ಪೈ. ಮಗುವಿಗೆ ಮೂರು ವರ್ಷ ತುಂಬಿದ ವರ್ಷ, ಅಂದರೆ 1925ರಲ್ಲಿ, ಈ ಇಬ್ಬರು ಸೋದರರೂ ಇಂಜಿನಿಯರ್ ವಾಮನ ಕುಡ್ವರೂ ಸೇರಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ತೆರೆದರು. ಹೆಸರಿನಲ್ಲಿ ಬ್ಯಾಂಕಿಗಿಂತ ಮೊದಲು ಕೈಗಾರಿಕೆ ಇದ್ದುದು ಆಕಸ್ಮಿಕವಲ್ಲ. ಕೈಮಗ್ಗದ ಉದ್ಯಮ ಕುಸಿದು ನೇಕಾರರು ಕಂಗಾಲಾಗಿದ್ದ ದಿನಗಳವು. ಅವರ ಕೈಗೆ ಮತ್ತೆ ಕೆಲಸ ಕೊಡಿಸುವುದೇ ಮೂಲ ಉದ್ದೇಶವಾಗಿತ್ತು. 1928ರಲ್ಲಿ ಪಿಗ್ಮಿ ಠೇವಣಿ ಬಂದಿತು. ಏಜೆಂಟನೊಬ್ಬ ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಡುವ ಈ ಪದ್ಧತಿ ಇಂದು ನಮಗೆ ಸಾಮಾನ್ಯವಾಗಿ ಕಾಣುತ್ತದೆ. ಅಂದು ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಮೀನು ಮಾರುವ ಹೆಂಗಸಿಗೂ ಬೀಡಿ ಕಟ್ಟುವವಳಿಗೂ ಅದು ಹೊಸ ಲೋಕವಾಗಿತ್ತು. ಪೈಯವರು ಬೆಳೆದದ್ದು ಈ ವಾತಾವರಣದಲ್ಲಿ.

ಉನ್ನತ ಶಿಕ್ಷಣಕ್ಕಾಗಿ ಅವರು ಬಂದದ್ದು ನಮ್ಮ ಮುಂಬಯಿಗೆ. ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ವಾಣಿಜ್ಯ ಪದವಿ ಪಡೆದು 1943ರಲ್ಲಿ ಮನೆತನದ ಬ್ಯಾಂಕನ್ನು ಸೇರಿದರು. ಆ ಕಾಲದಲ್ಲಿ ಪದವಿ ಪಡೆದ ತರುಣನಿಗೆ ಮುಂಬಯಿಯಲ್ಲೇ ಉಳಿಯುವ ಆಕರ್ಷಣೆ ಎಷ್ಟಿತ್ತು ಎಂಬುದನ್ನು ನಾವು ಬೇರೆ ಹೇಳಬೇಕಾಗಿಲ್ಲ. ಪೈಯವರು ಮರಳಿ ಊರಿಗೆ ಹೋದರು.

ಮುಂದಿನ ಎರಡೂವರೆ ದಶಕಗಳ ಅವರ ಕೆಲಸವೇ, ನಮ್ಮ ಅಭಿಪ್ರಾಯದಲ್ಲಿ, ಅವರ ಬಾಳಿನ ಸಾರ. ಬ್ಯಾಂಕುಗಳು ಅಡವಿಟ್ಟ ಚಿನ್ನಕ್ಕೂ ಗೋದಾಮಿನಲ್ಲಿದ್ದ ಸರಕಿಗೂ ಸಾಲ ಕೊಡುತ್ತಿದ್ದ ಕಾಲವದು. ಬೆಳೆಯ ಮೇಲೆ, ಕೈಕಸುಬಿನ ಮೇಲೆ, ಮನುಷ್ಯನ ದುಡಿಮೆಯ ಭರವಸೆಯ ಮೇಲೆ ಸಾಲ ಕೊಡುವುದು ಅವಿವೇಕವೆಂದೇ ಎಣಿಸಲಾಗುತ್ತಿತ್ತು. ಸಿಂಡಿಕೇಟ್ ಬ್ಯಾಂಕು ಹಳ್ಳಿಗಳಲ್ಲಿ ಶಾಖೆ ತೆರೆದು, ಕೃಷಿ ಪದವೀಧರರನ್ನು ಸಿಬ್ಬಂದಿಯಾಗಿ ನೇಮಿಸಿಕೊಂಡು, ಪಂಪುಸೆಟ್ಟಿಗೂ ಹಸುವಿಗೂ ಸಾಲ ನೀಡತೊಡಗಿತು. ಅಡಿಕೆ ತೋಟಕ್ಕೆ ನೀರು ಹಾಯಿಸುವ ಒಂದು ಪಂಪುಸೆಟ್ಟು ಎಂದರೆ ವರ್ಷಪೂರ್ತಿ ಇಬ್ಬರು ಮೂವರಿಗೆ ತೋಟದಲ್ಲಿ ಕೆಲಸ. ಹಾಗೆ ಕೆಲಸ ದೊರೆತ ಮನೆಯ ಹುಡುಗ ಮುಂಬಯಿ ಬಸ್ಸು ಹತ್ತುವ ಪ್ರಮೇಯ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತಿತ್ತು. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಸಂಪೂರ್ಣವಾಗಿ ಮಹಿಳೆಯರೇ ನಡೆಸುವ ಶಾಖೆಯೊಂದು ಆರಂಭವಾದುದೂ ಇದೇ ಕಾಲಘಟ್ಟದಲ್ಲಿ. ಹೆಣ್ಣುಮಗಳು ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತುಕೊಳ್ಳುವುದೇ ಅಪರೂಪವಾಗಿದ್ದ ದಿನಗಳಲ್ಲಿ ಮ್ಯಾನೇಜರಳಿಂದ ಜವಾನಳವರೆಗೆ ಎಲ್ಲರೂ ಸ್ತ್ರೀಯರಾಗಿದ್ದುದು ದೊಡ್ಡ ಸುದ್ದಿಯಾಯಿತು.

1965ರ ಜನವರಿಯಲ್ಲಿ ಭಾರತೀಯ ಆಹಾರ ನಿಗಮ ಸ್ಥಾಪನೆಯಾದಾಗ ಪೈಯವರು ಅದರ ಪ್ರಥಮ ಅಧ್ಯಕ್ಷರಾದರು. ಧಾನ್ಯದ ಅಭಾವದಿಂದ ದೇಶ ತತ್ತರಿಸುತ್ತಿದ್ದ ಸಮಯ. ನಿಗಮವು ತಂಜಾವೂರು ಜಿಲ್ಲೆಯಿಂದ ಕೆಲಸ ಆರಂಭಿಸಿ, ರೈತನಿಂದ ನೇರವಾಗಿ ಕೊಳ್ಳುವ ವ್ಯವಸ್ಥೆಯನ್ನು ಕಟ್ಟಿತು. ಅನಂತರ ಪೈಯವರು ಬ್ಯಾಂಕಿಗೆ ಮರಳಿ 1967ರಲ್ಲಿ ಅದರ ಅಧ್ಯಕ್ಷರಾದರು.

1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಅವುಗಳಲ್ಲಿ ಎರಡು, ಕೆನರಾ ಮತ್ತು ಸಿಂಡಿಕೇಟ್, ದಕ್ಷಿಣ ಕನ್ನಡದವು. ತಂದೆ ಮತ್ತು ಚಿಕ್ಕಪ್ಪ ಕಟ್ಟಿದ, ತಾವೇ ಬೆಳೆಸಿದ ಸಂಸ್ಥೆ ಒಂದೇ ರಾತ್ರಿಯಲ್ಲಿ ಸರಕಾರದ ಸ್ವತ್ತಾದಾಗ ಪೈಯವರ ಮನಸ್ಸಿನಲ್ಲಿ ಏನಾಗಿರಬಹುದೆಂದು ನಾವು ಊಹಿಸಬಹುದಷ್ಟೆ. ಅವರು ಮಾತ್ರ ಮುನಿದು ಹೊರನಡೆಯಲಿಲ್ಲ. ಅದೇ ಬ್ಯಾಂಕಿನ ಕಸ್ಟೋಡಿಯನ್ ಆಗಿ ಮುಂದುವರಿದರು. ಹಳ್ಳಿಗೆ ಹೋಗಬೇಕು, ಸಣ್ಣವರಿಗೆ ಸಾಲ ಕೊಡಬೇಕು ಎಂದು ಸರಕಾರ ಇತರ ಬ್ಯಾಂಕುಗಳಿಗೆ ಆದೇಶಿಸಿದ್ದನ್ನು ಮಣಿಪಾಲದವರು ಆದೇಶವಿಲ್ಲದೆಯೇ ಮಾಡುತ್ತ ಬಂದಿದ್ದರು.

1970ರಲ್ಲಿ ಪೈಯವರು ಜೀವವಿಮಾ ನಿಗಮದ ಅಧ್ಯಕ್ಷರಾಗಿ ಮತ್ತೆ ಮುಂಬಯಿಗೆ ಬಂದರು. ನರಿಮನ್ ಪಾಯಿಂಟಿನ ಯೋಗಕ್ಷೇಮ ಕಟ್ಟಡದ ಮುಂದೆ ಹಾದುಹೋಗುವಾಗ, ಒಂದು ಕಾಲಕ್ಕೆ ಅಲ್ಲಿನ ಅತ್ಯುನ್ನತ ಕುರ್ಚಿಯಲ್ಲಿ ತೋನ್ಸೆಯ ಪೈಗಳೊಬ್ಬರು ಕುಳಿತಿದ್ದರೆಂಬುದು ನಮ್ಮ ಹೊಸ ಪೀಳಿಗೆಗೆ ನೆನಪಾಗಲಾರದು. ಎರಡು ವರ್ಷಗಳ ಬಳಿಕ ದೆಹಲಿಯ ಕರೆ ಬಂದಿತು. 1972ರಲ್ಲಿ ಪದ್ಮಭೂಷಣ, ಅದೇ ವರ್ಷ ರಾಜ್ಯಸಭೆಯ ಸದಸ್ಯತ್ವ, ಜುಲೈಯಲ್ಲಿ ಇಂದಿರಾ ಗಾಂಧಿಯವರ ಸಂಪುಟದಲ್ಲಿ ರೈಲ್ವೆ ಖಾತೆ. ಆದರೆ ಆ ಖಾತೆ ಅವರ ಕೈಯಲ್ಲಿ ಉಳಿದದ್ದು ಕೇವಲ ಆರು ತಿಂಗಳು ಚಿಲ್ಲರೆ. ರೈಲ್ವೆಯಂತಹ ಇಲಾಖೆಯಲ್ಲಿ ಆರು ತಿಂಗಳೆಂದರೆ ಕಡತಗಳ ಪರಿಚಯವಾಗುವಷ್ಟು ಸಮಯ. ಮುಂಬಯಿಗೂ ಮಂಗಳೂರಿಗೂ ಕರಾವಳಿಯ ರೈಲು ಬೇಕೆಂಬ ನಮ್ಮವರ ಹಂಬಲ ಈಡೇರಲು 1998ರ ವರೆಗೆ ಕಾಯಬೇಕಾಯಿತು.

1973ರಲ್ಲಿ ಅವರಿಗೆ ಭಾರೀ ಕೈಗಾರಿಕೆಗಳ ಖಾತೆ ಬಂದಿತು. 1974ರ ಕೊನೆಯ ಭಾಗದಿಂದ 1977ರ ವರೆಗೆ ಅವರು ಕೈಗಾರಿಕೆ ಮತ್ತು ನಾಗರಿಕ ಪೂರೈಕೆ ಸಚಿವರು. ಭೋಪಾಲದ ಹೆವಿ ಇಲೆಕ್ಟ್ರಿಕಲ್ಸ್ ಸಂಸ್ಥೆಯನ್ನು 1974ರಲ್ಲಿ ಭಾರತ್ ಹೆವಿ ಇಲೆಕ್ಟ್ರಿಕಲ್ಸ್‌ನೊಂದಿಗೆ ಒಂದುಗೂಡಿಸಿದುದು ಅವರ ಅವಧಿಯಲ್ಲಿ. ಸರಕಾರಿ ಕಾರ್ಖಾನೆ ಎಂದರೆ ನಷ್ಟ ಎಂಬ ಭಾವನೆ ಬೇರೂರಿದ್ದಾಗ ಆ ಸಂಸ್ಥೆ ಎದ್ದುನಿಂತಿತು. 1975ರಲ್ಲಿ ಇಪ್ಪತ್ತೊಂದು ಬಗೆಯ ಉದ್ಯಮಗಳಿಗೆ ಪರವಾನಗಿಯ ಕಟ್ಟಳೆಯಿಂದ ವಿನಾಯಿತಿ ದೊರೆಯಿತು. ಅದೇ ವರ್ಷದ ಅಕ್ಟೋಬರ್ 2ರಂದು ದೇಶದ ಪ್ರಥಮ ಗ್ರಾಮೀಣ ಬ್ಯಾಂಕುಗಳು ಬಾಗಿಲು ತೆರೆದಾಗ, ಮೊರಾದಾಬಾದಿನ ಪ್ರಥಮಾ ಬ್ಯಾಂಕನ್ನು ಪ್ರಾಯೋಜಿಸಿದ್ದು ಸಿಂಡಿಕೇಟ್ ಬ್ಯಾಂಕು. ಈ ಕಾರ್ಯ ಹಣಕಾಸು ಇಲಾಖೆಗೆ ಸೇರಿದ್ದು, ಪೈಯವರ ಇಲಾಖೆಯದಲ್ಲ. ಆದರೂ ಉತ್ತರ ಪ್ರದೇಶದ ಹಳ್ಳಿಯವರೆಗೆ ಹೋದದ್ದು ಉಡುಪಿಯಲ್ಲಿ ಕಲಿತ ಪಾಠವೇ.

ಇಷ್ಟರಲ್ಲಿ ತುರ್ತುಪರಿಸ್ಥಿತಿ ಬಂದಿತ್ತು. ಅದಕ್ಕೂ ಸ್ವಲ್ಪ ಮೊದಲು, 1975ರ ಎಪ್ರಿಲ್‌ನಲ್ಲಿ, ಪೈಯವರ ಬಾಳಿನ ಅತ್ಯಂತ ಕಹಿಯಾದ ಪ್ರಸಂಗ ನಡೆಯಿತು. ಪ್ರಧಾನಿಯವರ ಪುತ್ರ ಸಂಜಯ ಗಾಂಧಿಯವರ ಮಾರುತಿ ಕಾರು ಕಾರ್ಖಾನೆಯ ಯಂತ್ರಗಳ ಕುರಿತು ಸಂಸತ್ತಿನಲ್ಲಿ ಪ್ರಶ್ನೆ ಬಂದಿತ್ತು. ಉತ್ತರಕ್ಕೆ ಬೇಕಾದ ಮಾಹಿತಿ ಕಲೆಹಾಕಿದ ನಾಲ್ವರು ಅಧಿಕಾರಿಗಳ ಮೇಲೆ ಸಿಬಿಐ ಮೊಕದ್ದಮೆ ಹೂಡಿ, ಮನೆಗಳನ್ನು ಶೋಧಿಸಿತು. ಅವರಲ್ಲಿ ಪೈಯವರ ಸಚಿವಾಲಯದವರೂ ಇದ್ದರು. ಅವರು ಮಾಡಿದ ತಪ್ಪೆಂದರೆ ತಮ್ಮ ಕರ್ತವ್ಯವನ್ನು ಮಾಡಿದ್ದು. ಸಚಿವರಾಗಿದ್ದೂ ಪೈಯವರಿಗೆ ತಮ್ಮ ಕೈಕೆಳಗಿನವರನ್ನು ಕಾಪಾಡಲಾಗಲಿಲ್ಲ. ಅಂದೇ ಅವರು ರಾಜೀನಾಮೆ ನೀಡಬಹುದಿತ್ತು ಎಂದು ಹೇಳುವವರಿದ್ದಾರೆ; ಆ ಮಾತನ್ನು ತಳ್ಳಿಹಾಕಲು ನಮ್ಮಿಂದಲೂ ಆಗದು. ಎಷ್ಟೋ ಶಾಖೆಗಳಲ್ಲಿ ಸಾವಿರಾರು ನೌಕರರ ಹಿರಿಯನಂತೆ ನಡೆದುಕೊಂಡ ವ್ಯಕ್ತಿ, ದೆಹಲಿಯಲ್ಲಿ ನಾಲ್ವರಿಗಾಗಿ ಎದ್ದುನಿಲ್ಲಲಾರದೆ ಹೋದುದು ದುಃಖದ ಸಂಗತಿ. ಆದರೆ 1977ರಲ್ಲಿ ಶಾ ಆಯೋಗದ ಮುಂದೆ ಅನೇಕರು ಮೌನ ತಾಳಿದಾಗ ಪೈಯವರು ನಡೆದುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಪ್ರಧಾನಿಯವರು ಕೋಪಗೊಂಡ ಬಗೆಯನ್ನೂ ಅಧಿಕಾರಿಗಳ ನಿರ್ದೋಷಿತ್ವವನ್ನೂ ಸಾಕ್ಷ್ಯದಲ್ಲಿ ದಾಖಲಿಸಿದರು. ಆಗಲೂ ಅವರು ಕಾಂಗ್ರೆಸ್ಸಿನ ಟಿಕೇಟಿನಲ್ಲೇ ಉಡುಪಿಯಿಂದ ಗೆದ್ದುಬಂದ ಲೋಕಸಭಾ ಸದಸ್ಯರಾಗಿದ್ದರೆಂಬುದು ಉಲ್ಲೇಖನೀಯ.

ಇಲ್ಲಿ ಮುಂಬಯಿ ಕನ್ನಡಿಗರು ಗಮನಿಸಬೇಕಾದ ಒಂದು ಸ್ವಾರಸ್ಯವಿದೆ. ಪೈಯವರು ತೆರವು ಮಾಡಿದ ಕೈಗಾರಿಕಾ ಖಾತೆ ಕೆಲವೇ ತಿಂಗಳಲ್ಲಿ, 1977ರ ಜುಲೈಯಲ್ಲಿ, ಜಾರ್ಜ್ ಫೆರ್ನಾಂಡಿಸ್ ಅವರ ಪಾಲಿಗೆ ಬಂದಿತು. ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಬೀದಿಗಳಲ್ಲಿ ಟ್ಯಾಕ್ಸಿ ಚಾಲಕರನ್ನೂ ನಗರಪಾಲಿಕೆಯ ಕಾರ್ಮಿಕರನ್ನೂ ಸಂಘಟಿಸಿದ ಫೆರ್ನಾಂಡಿಸ್ ತುರ್ತುಪರಿಸ್ಥಿತಿಯಲ್ಲಿ ಸೆರೆಮನೆಯಲ್ಲಿದ್ದವರು. ಆಗ ಪೈಯವರು ಸಂಪುಟದಲ್ಲಿದ್ದವರು. ಒಂದೇ ಜಿಲ್ಲೆಯ ಈ ಇಬ್ಬರ ದಾರಿಗಳು ಅಷ್ಟು ಬೇರೆ. ಆದರೂ 1978ರಲ್ಲಿ ಫೆರ್ನಾಂಡಿಸ್ ಅವಧಿಯಲ್ಲಿ ಬಂದ ಜಿಲ್ಲಾ ಕೈಗಾರಿಕಾ ಕೇಂದ್ರಗಳ ಹಿಂದಿನ ವಿಚಾರ, ಅಂದರೆ ಉದ್ಯೋಗವು ಜನರಿರುವಲ್ಲಿಗೆ ಹೋಗಬೇಕೆಂಬುದು, ಮಣಿಪಾಲದಿಂದ ಬಹಳ ದೂರವಿರಲಿಲ್ಲ. ಕೊಂಕಣ ರೈಲ್ವೆಯನ್ನು ಕೈಗೂಡಿಸಿದವರೂ 1989ರಲ್ಲಿ ರೈಲ್ವೆ ಸಚಿವರಾದ ಅವರೇ. ಪೈಯವರಿಗೆ 1979ರಲ್ಲಿ ಚರಣ್ ಸಿಂಗ್ ಅವರ ಸಂಪುಟದಲ್ಲಿ ಮತ್ತೊಮ್ಮೆ ರೈಲ್ವೆ ದೊರೆಯಿತಾದರೂ ಆ ಸರಕಾರಕ್ಕೆ ಆಯುಷ್ಯವೇ ಇರಲಿಲ್ಲ.

ಸಚಿವರಾಗಿ ಪೈಯವರು ಎಷ್ಟು ಉದ್ಯೋಗ ಸೃಷ್ಟಿಸಿದರು ಎಂದು ಲೆಕ್ಕ ಕೇಳಿದರೆ ಉತ್ತರಿಸುವುದು ಕಷ್ಟ. ಬ್ಯಾಂಕಿನಲ್ಲೇ ದುಡಿಯುವ ನಮಗೆ ಅನ್ನಿಸುವುದೇನೆಂದರೆ, ಉದ್ಯೋಗ ಭವನದ ಪೈಗಳಿಗಿಂತ ಮಣಿಪಾಲದ ಪೈಗಳ ಕೈ ಹೆಚ್ಚು ಉದ್ದವಾಗಿತ್ತು. ಸಿಂಡಿಕೇಟ್ ಬ್ಯಾಂಕು ಸಾಲ ಪಡೆದವರಿಗೆ ಮಾತ್ರವಲ್ಲ, ಕರಾವಳಿಯ ಸಾಮಾನ್ಯ ಮನೆಗಳ ಎಷ್ಟೋ ತರುಣ ತರುಣಿಯರಿಗೆ ತಾನೇ ನೌಕರಿ ಕೊಟ್ಟಿತು. ಮುಂಬಯಿಯ ಶಾಖೆಗಳಲ್ಲಿ ಕೌಂಟರಿನ ಆಚೆಯಿಂದ ತುಳುವಿನಲ್ಲೋ ಕೊಂಕಣಿಯಲ್ಲೋ ಕನ್ನಡದಲ್ಲೋ ಮಾತು ಕೇಳಿಬರುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಈಗಲೂ ನೆನೆಯುತ್ತಾರೆ. ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ ಹೋಟೆಲು ಹುಡುಗ ಬ್ಯಾಂಕಿನ ಗುಮಾಸ್ತನಾದಾಗ, ಅವನ ಮಕ್ಕಳು ಲೋಟ ತೊಳೆಯಬೇಕಾದ ಅಗತ್ಯ ಮತ್ತೆ ಬರಲಿಲ್ಲ. ಈ ಲೇಖನವನ್ನು ಓದುತ್ತಿರುವ ಹಲವು ಕುಟುಂಬಗಳ ಕಥೆ ಅದೇ.

ಪೈಯವರು 1981ರಲ್ಲಿ, ಅರುವತ್ತು ತುಂಬುವ ಮೊದಲೇ ನಿಧನರಾದರು. 1980ರಲ್ಲಿ ಮಣಿಪಾಲದಲ್ಲಿ ಅವರು ಆರಂಭಿಸಿದ ಆಡಳಿತ ವಿಜ್ಞಾನದ ಸಂಸ್ಥೆ ಇಂದು ಅವರ ಹೆಸರನ್ನೇ ಹೊತ್ತಿದೆ. ಬ್ಯಾಂಕಿನ ಹೆಸರು ಮಾತ್ರ ಉಳಿಯಲಿಲ್ಲ. 2020ರ ಎಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. ವಿಜಯ ಬ್ಯಾಂಕು ಅದಕ್ಕೂ ಒಂದು ವರ್ಷ ಮೊದಲು ಬ್ಯಾಂಕ್ ಆಫ್ ಬರೋಡದಲ್ಲಿ, ಕಾರ್ಪೊರೇಶನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ಕರಗಿದ್ದವು. ಮುಂಬಯಿಯಲ್ಲಿ ಆಗ ಲಾಕ್‌ಡೌನಿನ ಆರಂಭದ ದಿನಗಳು; ಬೀದಿಗಳು ನಿರ್ಜನ. ನಮ್ಮ ಉಪನಗರದ ಖಾತೆದಾರರಲ್ಲಿ ಹೆಚ್ಚಿನವರು ಫಲಕ ಬದಲಾದುದನ್ನು ಕಂಡದ್ದು ತಿಂಗಳುಗಳ ಬಳಿಕ, ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಪಾಸ್‌ಬುಕ್ಕು ತುಂಬಿಸಲು ಹೋದಾಗ.