ವ್ಯಾಲೇಸ್ ಏಕ್ರಾಯ್ಡ್

ವ್ಯಾಲೇಸ್ ರಡೆಲ್ ಏಕ್ರಾಯ್ಡ್ (1899–1979) ಐರ್ಲೆಂಡಿನಲ್ಲಿ ಜನಿಸಿದ ವೈದ್ಯ ಹಾಗೂ ಪೌಷ್ಟಿಕಾಂಶ ವಿಜ್ಞಾನಿ. ಇವರು ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕಾಂಶ ಸಂಶೋಧನಾ ಪ್ರಯೋಗಾಲಯದ ನಿರ್ದೇಶಕರಾಗಿ 1935ರಿಂದ 1945ರವರೆಗೆ ಸೇವೆ ಸಲ್ಲಿಸಿದರು. ಭಾರತೀಯ ಆಹಾರಗಳ ಪೋಷಕಾಂಶ ಕೋಷ್ಟಕವನ್ನು ಪ್ರಕಟಿಸಿದ್ದು ಇವರ ಪ್ರಮುಖ ಕೊಡುಗೆ. ಮಾಂಸ, ಧಾನ್ಯ, ಬೇಳೆಗಳನ್ನು ಬೇಯಿಸುವ ಮುನ್ನವೇ ತೂಗಿ ಕ್ಯಾಲೊರಿ ಲೆಕ್ಕ ಹಾಕುವ ಪದ್ಧತಿ ಭಾರತದಲ್ಲಿ ನೆಲೆಗೊಳ್ಳಲು ಈ ಕೋಷ್ಟಕ ನೆರವಾಯಿತು.

ಆರಂಭಿಕ ಜೀವನ

ಏಕ್ರಾಯ್ಡ್ ಡಬ್ಲಿನ್ ನಗರದಲ್ಲಿ ಜನಿಸಿ, ಅಲ್ಲಿನ ಟ್ರಿನಿಟಿ ಕಾಲೇಜಿನಲ್ಲಿ ವೈದ್ಯಶಾಸ್ತ್ರ ಅಧ್ಯಯನ ಮಾಡಿದರು. ನ್ಯೂಫೌಂಡ್‌ಲ್ಯಾಂಡಿನಲ್ಲಿ ಆಹಾರದ ಕೊರತೆಯಿಂದ ಬರುವ ಬೆರಿಬೆರಿ ರೋಗವನ್ನು ಕಂಡ ಬಳಿಕ ಅವರ ಆಸಕ್ತಿ ಪೌಷ್ಟಿಕಾಂಶದ ಕಡೆಗೆ ತಿರುಗಿತು. 1931ರಲ್ಲಿ ಅವರು ರಾಷ್ಟ್ರಸಂಘದ ಆರೋಗ್ಯ ವಿಭಾಗವನ್ನು ಸೇರಿದರು. 1935ರಲ್ಲಿ ಎಟಿಯೆನ್ ಬರ್ನೆ ಅವರೊಡನೆ ಪೌಷ್ಟಿಕಾಂಶ ಮತ್ತು ಸಾರ್ವಜನಿಕ ಆರೋಗ್ಯದ ಕುರಿತ ವರದಿಯನ್ನು ಸಿದ್ಧಪಡಿಸಿದರು.

ಕೂನೂರಿನ ಕಾರ್ಯ

1935ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರ ನಂತರ ಏಕ್ರಾಯ್ಡ್ ಕೂನೂರು ಪ್ರಯೋಗಾಲಯದ ಹೊಣೆ ವಹಿಸಿಕೊಂಡರು. ಭಾರತೀಯ ಆಹಾರಗಳ ಪೋಷಣ ಮೌಲ್ಯವನ್ನು ತಿಳಿಸುವ ಆರೋಗ್ಯ ಪ್ರಕಟಣೆ ಸಂಖ್ಯೆ 23, 1937ರಲ್ಲಿ ಹೊರಬಂದಿತು. ದಕ್ಷಿಣ ಭಾರತದ ಹಳ್ಳಿಗಳಲ್ಲಿ ಆಹಾರ ಸಮೀಕ್ಷೆಗಳೂ ನಡೆದವು. ಸಮೀಕ್ಷಕರು ಮನೆಗಳಿಗೆ ಹೋಗಿ ಅಡುಗೆಗೆ ಮುನ್ನ ಪದಾರ್ಥಗಳನ್ನು ತೂಗಿ, ಕೋಷ್ಟಕದ ನೆರವಿನಿಂದ ಆ ಕುಟುಂಬಕ್ಕೆ ದೊರೆತ ಶಕ್ತಿ ಮತ್ತು ಪೋಷಕಾಂಶಗಳನ್ನು ಲೆಕ್ಕ ಹಾಕುತ್ತಿದ್ದರು.

ಹಸಿ ತೂಕ ಮತ್ತು ಬೆಂದ ತೂಕ

ಕೋಷ್ಟಕದ ಬಹುತೇಕ ಅಂಕಿಗಳು ಮೂಳೆ, ಸಿಪ್ಪೆ ಮುಂತಾದವನ್ನು ತೆಗೆದ ಹಸಿ ಪದಾರ್ಥಕ್ಕೆ ಸಂಬಂಧಿಸಿವೆ. ಬೆಂದ ಪದಾರ್ಥದಲ್ಲಿ ಎಷ್ಟು ನೀರಿದೆ ಎಂಬುದು ಮನೆಯಿಂದ ಮನೆಗೆ ಬದಲಾಗುತ್ತದೆ. ಹಸಿ ತೂಕದಲ್ಲಿ ಇಂಥ ಏರುಪೇರು ಕಡಿಮೆ.

ಮಾಂಸ ಬೇಯುವಾಗ ಅದರಲ್ಲಿನ ನೀರು ಮತ್ತು ಸ್ವಲ್ಪ ಕೊಬ್ಬು ಹೊರಬಂದು, ತೂಕವು ಸಾಮಾನ್ಯವಾಗಿ ಕಾಲುಭಾಗದಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ನೀರಿನಲ್ಲಿ ಕ್ಯಾಲೊರಿ ಇಲ್ಲದ ಕಾರಣ ತೂಕ ಇಳಿದ ಪ್ರಮಾಣದಲ್ಲಿ ಶಕ್ತಿ ಇಳಿಯುವುದಿಲ್ಲ. ಕೋಷ್ಟಕದ ನಂತರದ ಆವೃತ್ತಿಗಳ ಪ್ರಕಾರ 100 ಗ್ರಾಂ ಹಸಿ ಕುರಿ ಮಾಂಸದಲ್ಲಿ 194 ಕಿಲೊಕ್ಯಾಲೊರಿ ಶಕ್ತಿ ಮತ್ತು 18.5 ಗ್ರಾಂ ಪ್ರೋಟೀನ್ ಇವೆ. ಅದು ಬೆಂದು 75 ಗ್ರಾಂ ಆಯಿತೆಂದರೆ, 100 ಗ್ರಾಂ ಬೆಂದ ಮಾಂಸವು ಸುಮಾರು 133 ಗ್ರಾಂ ಹಸಿ ಮಾಂಸಕ್ಕೆ ಸಮ. ಅದರಲ್ಲಿನ ಶಕ್ತಿ ಸುಮಾರು 259 ಕಿಲೊಕ್ಯಾಲೊರಿ. ಬೆಂದ ಮಾಂಸವನ್ನು ತೂಗಿ ಹಸಿ ಮಾಂಸದ ಅಂಕಿಯನ್ನು ಬಳಸಿದರೆ ಲೆಕ್ಕವು ಕಾಲುಭಾಗ ಕಡಿಮೆ ಬರುತ್ತದೆ. ಸಾರಿನಲ್ಲಿ ಬೇಯಿಸಿದಾಗ ಹೊರಬಂದ ಕೊಬ್ಬು ಸಾರಿನೊಡನೆ ಊಟಕ್ಕೆ ಸೇರುತ್ತದೆ, ಕೆಂಡದ ಮೇಲೆ ಸುಟ್ಟಾಗ ಅದು ತೊಟ್ಟಿಕ್ಕಿ ಹೋಗುತ್ತದೆ. ಒಗ್ಗರಣೆಯ ಎಣ್ಣೆಯನ್ನು ಪ್ರತ್ಯೇಕವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅನ್ನದಲ್ಲಿ ಇದಕ್ಕೆ ವಿರುದ್ಧವಾದ ತಪ್ಪು ಸಂಭವಿಸುತ್ತದೆ. ಅಕ್ಕಿ ನೀರು ಹೀರಿ ಎರಡು ಪಟ್ಟಿಗಿಂತ ಹೆಚ್ಚು ತೂಗುವುದರಿಂದ, ಅನ್ನವನ್ನು ತೂಗಿ ಅಕ್ಕಿಯ ಅಂಕಿ ಬಳಸಿದರೆ ಲೆಕ್ಕ ವಿಪರೀತ ಹೆಚ್ಚುತ್ತದೆ. ಸೇಡಂ, ಚಿಂಚೋಳಿ ಭಾಗದ ಜೋಳದ ರೊಟ್ಟಿಗೂ ಇದೇ ನಿಯಮ. ಮೆತ್ತನೆಯ ರೊಟ್ಟಿ ಮತ್ತು ಕಟಕ ರೊಟ್ಟಿಯ ತೂಕ ಬೇರೆಯಾದರೂ, ಬಳಸಿದ ಹಿಟ್ಟು ಒಂದೇ ಆಗಿದ್ದರೆ ಶಕ್ತಿಯೂ ಒಂದೇ.

ಹಸಿ ತೂಕವೊಂದರಿಂದಲೇ ಎಲ್ಲವೂ ತಿಳಿಯುವುದಿಲ್ಲ ಎಂಬುದನ್ನೂ ಕೂನೂರಿನ ಅಧ್ಯಯನಗಳು ತೋರಿಸಿದವು. ಅಕ್ಕಿಯನ್ನು ಪದೇ ಪದೇ ತೊಳೆದು ಗಂಜಿ ಬಸಿದು ಚೆಲ್ಲಿದರೆ ಬಿ1 ಜೀವಸತ್ವ ನಷ್ಟವಾಗುತ್ತದೆ. ಕುಸುಬಲಕ್ಕಿಯಲ್ಲಿ ಅದು ಹೆಚ್ಚು ಉಳಿಯುತ್ತದೆ.

ಬಂಗಾಳದ ಕ್ಷಾಮ

1943ರ ಬಂಗಾಳ ಕ್ಷಾಮದ ವಿಚಾರಣೆಗೆ ಜಾನ್ ವುಡ್‌ಹೆಡ್ ಅಧ್ಯಕ್ಷತೆಯಲ್ಲಿ ನೇಮಕವಾದ ಆಯೋಗಕ್ಕೆ ಏಕ್ರಾಯ್ಡ್ ಸದಸ್ಯರಾಗಿದ್ದರು. 1945ರ ವರದಿಯು ಸಾವಿನ ಸಂಖ್ಯೆಯನ್ನು ಸುಮಾರು 15 ಲಕ್ಷ ಎಂದು ಅಂದಾಜಿಸಿತು. ಈ ಅಂದಾಜು ಕಡಿಮೆಯಾಯಿತೆಂದೂ, ರಸ್ತೆಬದಿಯಲ್ಲಿ ಸತ್ತವರು ಅದರಲ್ಲಿ ಸರಿಯಾಗಿ ಸೇರಿರಲಿಲ್ಲವೆಂದೂ ಏಕ್ರಾಯ್ಡ್ 1974ರ ತಮ್ಮ ‘ದಿ ಕಾಂಕ್ವೆಸ್ಟ್ ಆಫ್ ಫ್ಯಾಮಿನ್’ ಕೃತಿಯಲ್ಲಿ ಒಪ್ಪಿಕೊಂಡರು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರ ಅಂದಾಜು ಸುಮಾರು 30 ಲಕ್ಷ.

ನಂತರದ ಜೀವನ ಮತ್ತು ಪರಂಪರೆ

1946ರಲ್ಲಿ ಏಕ್ರಾಯ್ಡ್ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪೌಷ್ಟಿಕಾಂಶ ವಿಭಾಗದ ಮೊದಲ ನಿರ್ದೇಶಕರಾದರು. 1960ರಲ್ಲಿ ಅಲ್ಲಿಂದ ನಿವೃತ್ತರಾಗಿ ಲಂಡನ್ನಿನಲ್ಲಿ ಬೋಧನೆ ಮತ್ತು ಬರವಣಿಗೆಯಲ್ಲಿ ತೊಡಗಿದರು. 1979ರಲ್ಲಿ ನಿಧನರಾದರು.

ಕೂನೂರಿನ ಪ್ರಯೋಗಾಲಯವು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಎಂಬ ಹೆಸರು ಪಡೆಯಿತು. ಸಿ. ಗೋಪಾಲನ್ ಮತ್ತು ಸಹೋದ್ಯೋಗಿಗಳು ಪರಿಷ್ಕರಿಸಿದ ಕೋಷ್ಟಕವು ಗೃಹವಿಜ್ಞಾನ ವಿದ್ಯಾರ್ಥಿಗಳ ಕೈಪಿಡಿಯಾಯಿತು. 2017ರಲ್ಲಿ ಈ ಸಂಸ್ಥೆಯು 528 ಆಹಾರಗಳ ಹೊಸ ವಿಶ್ಲೇಷಣೆಯನ್ನು ಒಳಗೊಂಡ ಕೋಷ್ಟಕಗಳನ್ನು ಪ್ರಕಟಿಸಿತು.