ಬರ್ಥಾ ಬೆಂಜ್ ಮತ್ತು ನಿಮ್ಮ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು

ಕೆಜಿಎಫ್‌ನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೆಚ್ಚುಕಡಿಮೆ 100 ಕಿ.ಮೀ. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಒಬ್ಬ ಹೆಣ್ಣುಮಗಳು ಸುಮಾರು ಇಷ್ಟೇ ದೂರ, ಅಂದ್ರೆ 106 ಕಿ.ಮೀ., ಕಾರಲ್ಲಿ ಹೋದರು. ಅದಕ್ಕೆ ಮೊದಲು ಅಷ್ಟು ದೂರ ಯಾರೂ ಕಾರು ಓಡಿಸಿರಲಿಲ್ಲ. ದಾರೀಲಿ ಕಾರು ಮತ್ತೆ ಮತ್ತೆ ಕೆಟ್ಟಿತು, ಅವರು ಮತ್ತೆ ಮತ್ತೆ ರೆಡಿ ಮಾಡಿಕೊಂಡರು. ಅವರೇ ಬರ್ಥಾ ಬೆಂಜ್. ಕೆಲಸ ಸಿಕ್ಕ ತಕ್ಷಣ ಒಂದು ಹಳೇ ಸ್ಪೋರ್ಟ್ಸ್ ಕಾರ್ ತಗೋಬೇಕು ಅಂತ ಕನಸು ಕಾಣೋರು ನಮ್ಮ ಕ್ಯಾಂಪಸ್ಸಲ್ಲಿ ತುಂಬಾ ಜನ ಇದ್ದಾರೆ. ಅವರೆಲ್ಲ ಈ ಬದುಕಿನ ಕಥೆ ಓದಬೇಕು. ಮೇಂಟೆನೆನ್ಸ್ ಬಗ್ಗೆ ಗೊತ್ತಿರಬೇಕಾದ ಮುಖ್ಯ ವಿಷಯ ಎಲ್ಲಾ ಆ ಒಂದು ಪ್ರಯಾಣದಲ್ಲೇ ಇದೆ.

ಬರ್ಥಾ ಹುಟ್ಟಿದ್ದು 1849ರ ಮೇ 3ರಂದು, ಫೋರ್ಟ್ಸ್‌ಹೈಮ್ ಅನ್ನೋ ಊರಲ್ಲಿ. ಅಪ್ಪ ಬಡಗಿ ಕೆಲಸದಿಂದ ಮೇಲೆ ಬಂದು ದುಡ್ಡು ಮಾಡಿದವರು. ಮತ್ತೆ ಹೆಣ್ಣೇ ಹುಟ್ಟಿತಲ್ಲ ಅಂತ ಮನೆಯ ಬೈಬಲ್‌ನಲ್ಲಿ ಬೇಜಾರಿನಿಂದ ಬರೆದಿಟ್ಟಿದ್ದರಂತೆ. ಹುಡುಗಿಗೆ ಮಾತ್ರ ಯಂತ್ರಗಳ ಮೇಲೆ ಆಸಕ್ತಿ. ಆದ್ರೆ ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ಯೂನಿವರ್ಸಿಟಿ ಬಾಗಿಲು ತೆರೆದಿರಲಿಲ್ಲ.

ಕಾರ್ಲ್ ಬೆಂಜ್ ಅನ್ನೋ ಎಂಜಿನಿಯರ್ ಜೊತೆ ಮದುವೆ ನಿಶ್ಚಯವಾಯ್ತು. ಕಾರ್ಲ್ ಕೈಯಲ್ಲಿ ಐಡಿಯಾ ಬಿಟ್ಟರೆ ಬೇರೇನೂ ಇರಲಿಲ್ಲ. ಪಾರ್ಟ್ನರ್ ಜೊತೆ ಹೊಂದಿಕೆಯಾಗದೆ ವರ್ಕ್‌ಶಾಪ್ ಕೈತಪ್ಪೋ ಹಾಗಾಯ್ತು. ಬರ್ಥಾ ತಮಗೆ ಬರಬೇಕಿದ್ದ ವರದಕ್ಷಿಣೆ ಹಣವನ್ನ ಮದುವೆಗೆ ಮುಂಚೆಯೇ ಅಪ್ಪನಿಂದ ಈಸ್ಕೊಂಡು, ಪಾರ್ಟ್ನರ್ ಪಾಲು ಬಿಡಿಸಿಕೊಟ್ಟರು. ಮದುವೆ ಆಗಿದ್ದು 1872ರಲ್ಲಿ. ಆಮೇಲೆ ಸಾಲ, ಮಕ್ಕಳು, ಮತ್ತೆ ಸಾಲ. 1879ರ ಡಿಸೆಂಬರ್ 31ರ ರಾತ್ರಿ ಊಟ ಆದ್ಮೇಲೆ ಗಂಡ ಹೆಂಡತಿ ಇಬ್ಬರೂ ವರ್ಕ್‌ಶಾಪಿಗೆ ಹೋದಾಗ ಟೂ ಸ್ಟ್ರೋಕ್ ಎಂಜಿನ್ ಕೊನೆಗೂ ನಿಲ್ಲದೆ ಓಡಿತು. 1886ರ ಜನವರಿ 29ರಂದು ಮೋಟಾರ್ ಕಾರಿಗೆ ಪೇಟೆಂಟ್ ಅರ್ಜಿ ಹಾಕಿದರು. ಆ ಪೇಟೆಂಟ್‌ನಲ್ಲಿ ಬರ್ಥಾ ಹೆಸರು ಇಲ್ಲ.

ಪೇಟೆಂಟ್ ಬಂದ್ರೂ ಕಾರು ಮಾರಾಟ ಆಗಲಿಲ್ಲ. ಕುದುರೆ ಇಲ್ಲದ ಗಾಡಿ ಕಂಡ್ರೆ ಜನಕ್ಕೆ ಭಯ. ಕಾರ್ಲ್‌ಗೋ ಇನ್ನೂ ಸರಿ ಮಾಡಬೇಕು, ಇನ್ನೂ ಸರಿ ಮಾಡಬೇಕು ಅನ್ನೋ ಸ್ವಭಾವ. ಆಗ ಬರ್ಥಾ ಒಂದು ಬೆಳಗ್ಗೆ ಗಂಡನಿಗೆ ಹೇಳದೆ, 15 ವರ್ಷದ ಆಯ್ಗನ್ ಮತ್ತು 13 ವರ್ಷದ ರಿಚರ್ಡ್‌ನ ಕರ್ಕೊಂಡು, ಮನ್‌ಹೈಮ್‌ನಿಂದ ತವರೂರಿಗೆ ಹೊರಟೇಬಿಟ್ಟರು. ಮೂರು ಚಕ್ರ, ಒಂದೇ ಸಿಲಿಂಡರ್. ಬಂಕ್ ಇಲ್ಲ, ಗ್ಯಾರೇಜ್ ಇಲ್ಲ, ಟಾರ್ ರಸ್ತೆ ಇಲ್ಲ. ಆ ವರ್ಷ ನಮ್ಮ ಕಡೆ ಹೇಗಿತ್ತು ಗೊತ್ತಾ? ಬಂಗಾರಪೇಟೆಗೆ ಬೌರಿಂಗ್‌ಪೇಟೆ ಅಂತ ಹೆಸರು. ಅಲ್ಲಿಂದ ಚಿನ್ನದ ಗಣಿಗೆ ರೈಲು ಹಳಿ ಬಂದಿದ್ದು ಇನ್ನೂ ಆರು ವರ್ಷ ಆದ್ಮೇಲೆ, 1894ರಲ್ಲಿ.

ಮೊದಲ ತೊಂದರೆ ಇಂಧನದ್ದು. ಪೆಟ್ರೋಲ್ ಥರದ ಲಿಗ್ರೋಯಿನ್ ಅನ್ನೋ ದ್ರಾವಣ ಆಗ ಬಟ್ಟೆ ಕಲೆ ತೆಗೆಯೋಕೆ ಮೆಡಿಕಲ್ ಶಾಪಲ್ಲಿ ಸಿಗ್ತಿತ್ತು. ವೀಸ್‌ಲೋಖ್ ಊರಿನ ಔಷಧಿ ಅಂಗಡೀಲಿ ಅದನ್ನ ಕೊಂಡರು. ಆ ಅಂಗಡಿಯನ್ನ ಇವತ್ತಿಗೂ ಪ್ರಪಂಚದ ಮೊದಲ ಪೆಟ್ರೋಲ್ ಬಂಕ್ ಅಂತ ಕರೀತಾರೆ. ಆಮೇಲೆ ಇಂಧನದ ಪೈಪ್ ಕಟ್ಟಿಕೊಂಡಿತು. ಟೋಪಿಗೆ ಸಿಕ್ಕಿಸಿದ್ದ ಉದ್ದ ಪಿನ್ ತೆಗೆದು ಕಸ ತೆಗೆದರು. ನೀವು ತಗೊಳ್ಳೋ ಹಳೇ ಕಾರು ತಿಂಗಳುಗಟ್ಟಲೆ ನಿಂತಿದ್ರೆ ಇದೇ ಕಥೆ. ಟ್ಯಾಂಕಲ್ಲಿ ಉಳಿದ ಹಳೇ ಪೆಟ್ರೋಲ್ ತೆಗೆಸಿ, ಫ್ಯೂಯಲ್ ಫಿಲ್ಟರ್ ಬದಲಾಯಿಸಿ. ರಬ್ಬರ್ ಪೈಪುಗಳಲ್ಲಿ ಬಿರುಕು ಇದೆಯಾ ನೋಡಿ. ಈಗ ಬಂಕಲ್ಲಿ ಸಿಗೋ ಇ20 ಪೆಟ್ರೋಲ್ ನಿಮ್ಮ ಮಾಡೆಲ್‌ಗೆ ಆಗುತ್ತಾ ಅಂತ ಮ್ಯಾನ್ಯುಯಲ್ ತೆಗೆದು ಓದಿ.

ಎರಡನೇದು ವೈರಿಂಗ್. ಇಗ್ನಿಷನ್ ವೈರಿನ ಇನ್ಸುಲೇಷನ್ ಸವೆದು ಹೋದಾಗ ಬರ್ಥಾ ಕಾಲುಚೀಲಕ್ಕೆ ಕಟ್ಟೋ ಪಟ್ಟಿಯನ್ನ ಬಿಚ್ಚಿ ಸುತ್ತಿದರು. ನಮ್ಮೂರಲ್ಲಿ ಈ ಕೆಲಸ ಇಲಿಗಳದ್ದು. ನಿಲ್ಲಿಸಿದ ಕಾರಿನ ಬಾನೆಟ್ ಒಳಗೆ ಸೇರಿ ವೈರ್ ಕಡೀತಾವೆ. ಹಿಂದಿನ ಓನರ್ ಹಾಕಿಸಿದ ಎಕ್ಸ್‌ಟ್ರಾ ಲೈಟು, ಹಾರನ್ನು, ಆಂಪ್ಲಿಫೈಯರ್ ಇದ್ರೆ ಆ ವೈರಿಂಗ್‌ಗೆ ಫ್ಯೂಸ್ ಇದೆಯಾ ಅಂತ ಮೊದಲು ಚೆಕ್ ಮಾಡಿಸಿ. ಕಾರಿಗೆ ಬೆಂಕಿ ಹತ್ತೋಕೆ ಅದೊಂದೇ ಸಾಕು.

ಮೂರನೇದು ನೀರು. ಆ ಎಂಜಿನ್ ನೀರು ಆವಿಯಾಗೋದರಿಂದಲೇ ತಣ್ಣಗಾಗ್ತಿತ್ತು, ಹಾಗಾಗಿ ದಾರಿಯುದ್ದಕ್ಕೂ ನೀರು ತುಂಬಿಸ್ತಾನೇ ಇದ್ದರು. ಈಗಿನ ಕಾರಲ್ಲಿ ಕೂಲೆಂಟ್ ಕಡಿಮೆ ಆಗ್ತಿದ್ರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಎಂಜಿನ್ ಬಿಸಿ ಇದ್ದಾಗ ಮುಚ್ಚಳ ಬಿಚ್ಚಬೇಡಿ, ಮುಖ ಸುಟ್ಟುಹೋಗುತ್ತೆ. ಟರ್ಬೋ ಇರೋ ಕಾರಾದ್ರೆ ಜೋರಾಗಿ ಓಡಿಸಿ ಬಂದ ಕೂಡಲೇ ಆಫ್ ಮಾಡಬೇಡಿ, ಒಂದು ನಿಮಿಷ ಐಡಲ್ ಬಿಡಿ.

ನಾಲ್ಕನೇದು ಚೈನು. ಅದು ಕೈಕೊಟ್ಟಾಗ ಒಬ್ಬ ಕಮ್ಮಾರ ರಿಪೇರಿ ಮಾಡಿಕೊಟ್ಟ. ನಿಮ್ಮ ಕಾರಲ್ಲಿ ಅಷ್ಟು ಸುಲಭ ಇಲ್ಲ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಬಿಲ್ ಇಲ್ಲದಿದ್ರೆ, ಬದಲಾಯಿಸಿಲ್ಲ ಅಂತಲೇ ತಿಳ್ಕೊಳ್ಳಿ. ಓಡ್ತಿರುವಾಗ ಬೆಲ್ಟ್ ಕಿತ್ತರೆ ತುಂಬಾ ಎಂಜಿನ್‌ಗಳಲ್ಲಿ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತೆ. ಆಮೇಲೆ ಬರೋ ಬಿಲ್ಲು ಕಾರಿನ ರೇಟಿನ ಹತ್ತಿರಕ್ಕೇ ಬರಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕ್. ಇಳಿಜಾರುಗಳಲ್ಲಿ ಮರದ ಬ್ರೇಕ್ ಸವೆದು ಹೋಯ್ತು. ಬರ್ಥಾ ಒಬ್ಬ ಚಪ್ಪಲಿ ಹೊಲಿಯೋರ ಹತ್ರ ಹೋಗಿ ಬ್ರೇಕಿಗೆ ಚರ್ಮ ಹೊಡೆಸಿದರು. ಇವತ್ತಿನ ಬ್ರೇಕ್ ಲೈನಿಂಗ್‌ನ ಶುರು ಅಲ್ಲಿಂದಲೇ ಅಂತಾರೆ. ನಮ್ಮಲ್ಲಿ ಕಾರು ತಗೊಂಡ ಮೊದಲ ತಿಂಗಳ ದುಡ್ಡು ಎಕ್ಸಾಸ್ಟಿಗೂ ಸ್ಟಿಕ್ಕರಿಗೂ ಹೋಗುತ್ತೆ, ಅಲ್ವಾ? ಅದು ಹೋಗಬೇಕಾದ್ದು ಬ್ರೇಕ್ ಪ್ಯಾಡಿಗೆ, ಡಿಸ್ಕಿಗೆ, ಬ್ರೇಕ್ ಆಯಿಲ್‌ಗೆ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರುತ್ತೆ, ಹೀರಿದ್ರೆ ಬೇಗ ಕುದಿಯುತ್ತೆ, ಕುದಿದ್ರೆ ಪೆಡಲ್ ಒತ್ತಿದ್ರೂ ಕಾರು ನಿಲ್ಲಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ರೆ 2019ರ 23ನೇ ವಾರ ತಯಾರಾದದ್ದು. ಹೂವು ಚೆನ್ನಾಗಿದ್ರೂ ವಯಸ್ಸಾದ ರಬ್ಬರ್ ಗಟ್ಟಿಯಾಗಿರುತ್ತೆ, ಮಳೇಲಿ ಜಾರುತ್ತೆ.

ಕತ್ತಲಾಗೋ ಹೊತ್ತಿಗೆ ಫೋರ್ಟ್ಸ್‌ಹೈಮ್ ಸೇರಿ ಬರ್ಥಾ ಗಂಡನಿಗೆ ಟೆಲಿಗ್ರಾಂ ಕಳಿಸಿದರು. ಕೆಲವು ದಿನ ಬಿಟ್ಟು ಕಾರಲ್ಲೇ ವಾಪಸ್ ಬಂದು, ಏನೇನು ಕೆಟ್ಟಿತು ಅಂತ ಒಂದೊಂದಾಗಿ ಹೇಳಿದರು. ಏರು ಬಂದಾಗ ಕಾರು ಹತ್ತದೆ ಮಕ್ಕಳು ಇಳಿದು ತಳ್ಳಬೇಕಾಗಿತ್ತು. ಅದನ್ನ ಕೇಳಿ ಕಾರ್ಲ್ ಇನ್ನೊಂದು ಗೇರ್ ಸೇರಿಸಿದರು. ಒಂದು ಟೆಸ್ಟ್ ಡ್ರೈವ್, ಒಂದು ರಿಪೋರ್ಟ್, ಒಂದು ಡಿಸೈನ್ ಚೇಂಜ್. ಪ್ರಾಜೆಕ್ಟ್‌ನಲ್ಲಿ ನಾವು ಮಾಡಬೇಕಾದ್ದೂ ಇದೇ ಅಲ್ವಾ?

ಹಾಗಾಗಿ ಹೊಸದಾಗಿ ಹಳೇ ಕಾರು ತಗೊಂಡೋರು ಮೊದಲ ದಿನವೇ ಹೈವೇ ಹಿಡಿದು ಬೆಂಗಳೂರಿಗೆ ಹೋಗಬೇಡಿ. ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆಗೆ ನಾಲ್ಕೈದು ಸಲ ಹೋಗಿ ಬನ್ನಿ. ಅಲ್ಲಿ ಕಾರು ನಿಲ್ಲಿಸಿ ಒಂದು ಪ್ಲೇಟ್ ಪಾನಿಪುರಿ ತಿನ್ನಿ. ವಾಪಸ್ ಬಂದಾಗ ಕಾರನ್ನ ಸ್ವಲ್ಪ ಮುಂದಕ್ಕೆ ತಗೊಂಡು ನೆಲ ನೋಡಿ. ಆಯಿಲ್ ಹನಿ ಬಿದ್ದಿದೆಯಾ? ಕೂಲೆಂಟ್ ಬಣ್ಣದ ನೀರಿದೆಯಾ? ಏನು ಕಂಡ್ರೂ ತಾರೀಖು, ಕಿ.ಮೀ. ಸಮೇತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಮೆಕ್ಯಾನಿಕ್‌ಗೆ ಸೌಂಡ್ ಬರ್ತಿದೆ ಅಣ್ಣ ಅಂತ ಮಾತ್ರ ಹೇಳಿದ್ರೆ ಅವರಾದ್ರೂ ಏನು ಮಾಡ್ತಾರೆ?

ಕಾರ್ಲ್ ತೀರಿಕೊಂಡದ್ದು 1929ರಲ್ಲಿ. ಅವರು ಓದಿದ ಕಾರ್ಲ್ಸ್‌ರೂಹ ತಾಂತ್ರಿಕ ಕಾಲೇಜು 1914ರಲ್ಲೇ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಬರ್ಥಾಗೆ ಅದೇ ಸಂಸ್ಥೆ ಗೌರವ ಸೆನೆಟರ್ ಪದವಿ ಕೊಟ್ಟದ್ದು 1944ರ ಮೇ 3ರಂದು, ಅವರಿಗೆ 95 ತುಂಬಿದ ದಿನ. ಎರಡು ದಿನ ಆದ್ಮೇಲೆ, ಮೇ 5ರಂದು ಅವರು ತೀರಿಕೊಂಡರು. ಅವರು ಹೋದ ದಾರಿಗೆ 2008ರಲ್ಲಿ ಅವರದೇ ಹೆಸರಿಟ್ಟರು. ಆ ಪೇಟೆಂಟ್‌ನಲ್ಲಿ ಇಲ್ಲದ ಹೆಸರು ಈಗ ಆ ದಾರಿಯುದ್ದಕ್ಕೂ ಬೋರ್ಡಿನ ಮೇಲಿದೆ.