13 ಟೈಟು, 14 ಲೂಸು: ಜೋಸೆಫ್ ವಿಟ್‌ವರ್ತ್ ಕಥೆ

ಹಳೇ ಬುಲೆಟ್ ಬೈಕಿನ ಕೆಲವು ನಟ್ಟುಗಳಿಗೆ 13 ನಂಬರ್ ಸ್ಪ್ಯಾನರ್ ಹಾಕಿದರೆ ಕೂರೋದೇ ಇಲ್ಲ. 14 ಹಾಕಿದರೆ ಕೂರುತ್ತೆ, ಆದರೆ ಅಲ್ಲಾಡುತ್ತೆ. ಪರವಾಗಿಲ್ಲ ಅಂತ ಜೋರು ಹಾಕಿ ತಿರುಗಿಸಿದರೆ ನಟ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ. ಆಮೇಲೆ ಉಳಿ, ಸುತ್ತಿಗೆ ಬಿಟ್ಟರೆ ಬೇರೆ ದಾರಿ ಇರಲ್ಲ. ಇಲ್ಲಿ ಸ್ಪ್ಯಾನರ್ ಕೆಟ್ಟದ್ದಲ್ಲ, ನಟ್ಟೂ ಕೆಟ್ಟದ್ದಲ್ಲ. ಆ ನಟ್ಟು ಮಿಲಿಮೀಟರ್ ಲೆಕ್ಕದ್ದೇ ಅಲ್ಲ. ಅದರ ಎದುರುಬದುರು ಮುಖಗಳ ನಡುವಿನ ಅಳತೆ 0.525 ಇಂಚು, ಅಂದರೆ ಸುಮಾರು 13.3 ಮಿ.ಮೀ. ಅದಕ್ಕೆ ಸರಿಯಾದ ಸ್ಪ್ಯಾನರ್ ಮೇಲೆ 1/4 W ಅಂತ ಕೆತ್ತಿರುತ್ತೆ. ಆ W ಒಬ್ಬ ಮನುಷ್ಯನ ಹೆಸರಿನ ಮೊದಲ ಅಕ್ಷರ. ಅವರೇ ಜೋಸೆಫ್ ವಿಟ್‌ವರ್ತ್.

ವಿಟ್‌ವರ್ತ್ ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನಲ್ಲಿ. ತಂದೆ ಶಾಲಾ ಮೇಷ್ಟ್ರು, ಆಮೇಲೆ ಚರ್ಚಿನ ಪಾದ್ರಿಯಾದರು. ಚಿಕ್ಕ ವಯಸ್ಸಲ್ಲೇ ತಾಯಿ ತೀರಿಕೊಂಡರು. 14 ವರ್ಷಕ್ಕೆ ಹುಡುಗನನ್ನು ಡರ್ಬಿಶೈರ್‌ನಲ್ಲಿದ್ದ ಸೋದರಮಾವನ ಹತ್ತಿ ಗಿರಣಿಗೆ ಕಳಿಸಿದರು. ಮುಂದೆ ಗಿರಣಿ ನಡೆಸಲಿ ಅನ್ನೋದು ಮನೆಯವರ ಆಸೆ. ಹುಡುಗನಿಗೆ ಮಾತ್ರ ವ್ಯಾಪಾರದ ಲೆಕ್ಕ ಬೇಕಿರಲಿಲ್ಲ, ಗಿರಣಿಯ ಯಂತ್ರಗಳೇ ಬೇಕಿದ್ದವು. ಅವು ಎಷ್ಟು ಒರಟಾಗಿ ತಯಾರಾಗಿವೆ ಅನ್ನೋದೂ ಅವನ ಕಣ್ಣಿಗೆ ಬಿದ್ದಿತ್ತು. ಕೆಲವು ವರ್ಷ ಕಳೆದ ಮೇಲೆ ಗಿರಣಿ ಬಿಟ್ಟು ಮ್ಯಾಂಚೆಸ್ಟರ್‌ಗೆ ಹೋಗಿ ಸಾಮಾನ್ಯ ಮೆಕ್ಯಾನಿಕ್ ಆಗಿ ಕೆಲಸಕ್ಕೆ ಸೇರಿಕೊಂಡ.

1825ರಲ್ಲಿ ಫ್ಯಾನಿ ಆಂಕರ್ಸ್ ಅವರನ್ನು ಮದುವೆಯಾದರು. ಅದೇ ಹೊತ್ತಿಗೆ ಲಂಡನ್‌ಗೆ ಹೋಗಿ ಹೆನ್ರಿ ಮಾಡ್ಸ್‌ಲೆ ಅವರ ವರ್ಕ್‌ಶಾಪ್ ಸೇರಿದರು. ಲೇತ್ ಬಗ್ಗೆ ಓದಿದವರಿಗೆ ಈ ಹೆಸರು ಗೊತ್ತಿರುತ್ತೆ. ಸ್ಕ್ರೂ ಕೊರೆಯುವ ಲೇತನ್ನು ನಿಜವಾಗಿ ಕೆಲಸಕ್ಕೆ ಬರುವ ಹಾಗೆ ಮಾಡಿದವರು ಅವರು. ಆ ಕಾಲದಲ್ಲಿ ಮಾಡ್ಸ್‌ಲೆ ಶಾಪ್‌ನಲ್ಲಿ ಕೆಲಸ ಮಾಡಿದೆ ಅಂದರೆ ಅದೇ ಒಂದು ಡಿಗ್ರಿ ಇದ್ದ ಹಾಗೆ. ಆಮೇಲೆ ಜೋಸೆಫ್ ಕ್ಲೆಮೆಂಟ್ ಅವರ ಹತ್ತಿರವೂ ವಿಟ್‌ವರ್ತ್ ದುಡಿದರು. ಚಾರ್ಲ್ಸ್ ಬ್ಯಾಬೇಜ್ ಅವರ ಡಿಫರೆನ್ಸ್ ಎಂಜಿನ್‌ನ ಭಾಗಗಳು ತಯಾರಾಗುತ್ತಿದ್ದದ್ದು ಈ ಕ್ಲೆಮೆಂಟ್ ಶಾಪ್‌ನಲ್ಲೇ. ಕಂಪ್ಯೂಟರ್ ಸೈನ್ಸ್ ಗೆಳೆಯರು ಗಮನಿಸಿ, ನಿಮ್ಮ ಬ್ರಾಂಚಿನ ಅಜ್ಜನಿಗೂ ಫಿಟ್ಟರ್‌ಗಳ ಕೈಕೆಲಸ ಬೇಕಾಗಿತ್ತು.

ಅಲ್ಲಿ ವಿಟ್‌ವರ್ತ್ ಕೈ ಹಾಕಿದ್ದು ಸಪಾಟಾದ ಲೋಹದ ಮೇಲ್ಮೈ ಮಾಡುವ ಕೆಲಸಕ್ಕೆ. ಕೇಳೋಕೆ ಇದು ಏನೂ ಅಲ್ಲ ಅನಿಸುತ್ತೆ. ಫಿಟ್ಟಿಂಗ್ ಲ್ಯಾಬ್‌ನಲ್ಲಿ ಎಂ.ಎಸ್. ಪ್ಲೇಟಿಗೆ ಫೈಲ್, ಅಂದರೆ ನಮ್ಮ ಅರ, ಹಾಕಿ ಉಜ್ಜಿದವರಿಗೆ ಇದರ ಕಷ್ಟ ಚೆನ್ನಾಗಿ ಗೊತ್ತು. ಎಷ್ಟು ಉಜ್ಜಿದರೂ ಅಂಚುಗಳು ಇಳಿದು ನಡು ಉಬ್ಬುತ್ತೆ. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣುತ್ತೆ. ಆಗಿನ ಕಾರ್ಖಾನೆಗಳಲ್ಲಿ ಎರಡು ಪ್ಲೇಟುಗಳ ನಡುವೆ ಎಮರಿ ಪುಡಿ ಹಾಕಿ ಒಂದರ ಮೇಲೊಂದು ಉಜ್ಜಿ ಸಪಾಟು ಮಾಡುತ್ತಿದ್ದರು. ಇದರಲ್ಲಿ ಒಂದು ಮೋಸ ಇದೆ. ಒಂದು ಪ್ಲೇಟ್ ಸ್ವಲ್ಪ ಉಬ್ಬಿ, ಇನ್ನೊಂದು ಅಷ್ಟೇ ತಗ್ಗಾದರೂ ಎರಡೂ ಒಂದಕ್ಕೊಂದು ಸರಿಯಾಗಿ ಕೂರುತ್ತವೆ.

ಇದಕ್ಕೆ ಪರಿಹಾರ ಮೂರನೇ ಪ್ಲೇಟ್. ಒಂದಕ್ಕೆ ತೆಳುವಾಗಿ ಬಣ್ಣ ಸವರಿ ಇನ್ನೊಂದರ ಮೇಲಿಟ್ಟರೆ ಉಬ್ಬಿದ ಕಡೆಗೆ ಬಣ್ಣ ಹತ್ತುತ್ತೆ. ಅಷ್ಟನ್ನು ಮಾತ್ರ ಸ್ಕ್ರೇಪರ್‌ನಿಂದ ಕೆರೆದು ತೆಗೀಬೇಕು. ಒಂದನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಒಂದನೆಯದಕ್ಕೆ ಕೂರುವವರೆಗೂ ಕೆರೀತಾ ಹೋಗಬೇಕು. ಎರಡು ಉಬ್ಬುಗಳು ಒಂದಕ್ಕೊಂದು ಕೂರಲ್ಲ, ಎರಡು ತಗ್ಗುಗಳೂ ಕೂರಲ್ಲ. ಹಾಗಾಗಿ ಮೂರೂ ಪರಸ್ಪರ ಕೂತವು ಅಂದರೆ ಮೂರೂ ಸಪಾಟು ಅಂತಲೇ ಅರ್ಥ. ಯಾವ ಅಳತೆಯ ಉಪಕರಣವೂ ಇಲ್ಲದೆ, ಬರೀ ಕೈಕೆಲಸ ಮತ್ತು ತರ್ಕದಿಂದ ಹುಟ್ಟಿದ ನಿಖರತೆ ಇದು. ಮಾಡ್ಸ್‌ಲೆ ಶಾಪ್‌ನಲ್ಲಿ ಒಳ್ಳೆ ಸರ್ಫೇಸ್ ಪ್ಲೇಟುಗಳು ಮೊದಲೇ ಇದ್ದವು, ಆದ್ದರಿಂದ ಪೂರ್ತಿ ಕೀರ್ತಿ ವಿಟ್‌ವರ್ತ್ ಒಬ್ಬರಿಗೇ ಕೊಡೋದು ಸರಿಯಲ್ಲ. ಎಮರಿ ಬಿಟ್ಟು ಸ್ಕ್ರೇಪ್ ಮಾಡುವ ಈ ಕ್ರಮವನ್ನು 1840ರಲ್ಲಿ ಗ್ಲಾಸ್ಗೋದ ವಿಜ್ಞಾನಿಗಳ ಸಭೆಯಲ್ಲಿ ವಿವರಿಸಿ ಎಲ್ಲರಿಗೂ ಹಂಚಿದ್ದು ಮಾತ್ರ ಅವರೇ.

ಅಷ್ಟು ಹೊತ್ತಿಗೆ ಅವರು ಸ್ವಂತ ಅಂಗಡಿ ತೆರೆದಾಗಿತ್ತು. 1833ರಲ್ಲಿ ಮ್ಯಾಂಚೆಸ್ಟರ್‌ಗೆ ವಾಪಸ್ ಬಂದು, ಚಾರ್ಲ್‌ಟನ್ ಸ್ಟ್ರೀಟ್‌ನಲ್ಲಿ ಬಾಡಿಗೆ ಜಾಗ ಹಿಡಿದು, ಲಂಡನ್‌ನಿಂದ ಬಂದ ಟೂಲ್ ಮೇಕರ್ ಅಂತ ಬೋರ್ಡ್ ಹಾಕಿಕೊಂಡರು. ಲೇತ್, ಪ್ಲೇನಿಂಗ್ ಮಷೀನ್, ಡ್ರಿಲ್ಲಿಂಗ್ ಮಷೀನ್ ಎಲ್ಲ ಅಲ್ಲಿ ತಯಾರಾಗುತ್ತಿದ್ದವು.

ಈಗ ಆ ಕಾಲದ ರಿಪೇರಿ ಕೆಲಸ ಊಹಿಸಿಕೊಳ್ಳಿ. ಪ್ರತಿ ವರ್ಕ್‌ಶಾಪಿಗೂ ಅದರದೇ ಟ್ಯಾಪು, ಅದರದೇ ಡೈ. ಒಬ್ಬರು ಇಂಚಿಗೆ 10 ಥ್ರೆಡ್ ಹಾಕಿದರೆ ಇನ್ನೊಬ್ಬರು 11 ಹಾಕುತ್ತಿದ್ದರು. ಥ್ರೆಡ್‌ನ ಕೋನವೂ ಬೇರೆ, ಆಳವೂ ಬೇರೆ. ಯಂತ್ರದ ಒಂದು ಬೋಲ್ಟ್ ಮುರಿದರೆ ಅದನ್ನು ಮಾಡಿದ ಶಾಪ್‌ಗೇ ಓಡಬೇಕು, ಇಲ್ಲಾಂದ್ರೆ ಬೋಲ್ಟು, ನಟ್ಟು ಎರಡನ್ನೂ ಹೊಸದಾಗಿ ಕೊರೆಯಬೇಕು. ರೈಲು ದೇಶದ ತುಂಬ ಹರಡುತ್ತಿದ್ದ ಕಾಲ ಅದು. ಒಂದು ಊರಲ್ಲಿ ತಯಾರಾದ ಎಂಜಿನ್ ಇನ್ನೊಂದು ಊರಲ್ಲಿ ಕೆಟ್ಟು ನಿಂತರೆ ಕೈಯಲ್ಲಿ ಸಾಮಾನಿದ್ದೂ ಏನೂ ಮಾಡೋಕಾಗುತ್ತಿರಲಿಲ್ಲ.

1841ರಲ್ಲಿ ವಿಟ್‌ವರ್ತ್ ಲಂಡನ್‌ನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಒಂದು ಪ್ರಬಂಧ ಮಂಡಿಸಿದರು. ಅದರಲ್ಲಿದ್ದದ್ದು ಹೊಸದಾಗಿ ಹೊಳೆದ ಶ್ರೇಷ್ಠ ಥ್ರೆಡ್ ಅಲ್ಲ, ಒಂದು ಸರಾಸರಿ. ಇಂಗ್ಲೆಂಡಿನ ದೊಡ್ಡ ದೊಡ್ಡ ವರ್ಕ್‌ಶಾಪುಗಳಿಂದ ಬೋಲ್ಟುಗಳನ್ನು ತರಿಸಿ, ಅವುಗಳನ್ನು ಹೋಲಿಸಿ, ನಡುವಿನ ಅಳತೆಗಳನ್ನು ಆರಿಸಿಕೊಂಡಿದ್ದರು. ಕೋನ 55 ಡಿಗ್ರಿ ಬಂತು. ಕಾಲು ಇಂಚಿನ ಬೋಲ್ಟಿಗೆ ಇಂಚಿಗೆ 20 ಥ್ರೆಡ್, ಅರ್ಧ ಇಂಚಿಗೆ 12, ಒಂದು ಇಂಚಿಗೆ 8. ಥ್ರೆಡ್‌ನ ತುದಿ ಮತ್ತು ಬುಡ ಎರಡೂ ದುಂಡಗೆ.

ನಮ್ಮ ಲೆಕ್ಕದಲ್ಲಿ ಅವರ ಜಾಣತನ ಇರೋದು ಇಲ್ಲೇ. ಒಂದೇ ಒಂದು ಕಂಪನಿಯ ಥ್ರೆಡ್ ಆರಿಸಿದ್ದರೆ ಉಳಿದವರು ಒಪ್ಪುತ್ತಿರಲಿಲ್ಲ. ಪುಸ್ತಕ ನೋಡಿ ಪರ್ಫೆಕ್ಟ್ ಥ್ರೆಡ್ ಲೆಕ್ಕ ಹಾಕಿದ್ದರೂ ಯಾರೂ ತಮ್ಮ ಟ್ಯಾಪುಗಳನ್ನು ಎಸೆಯುತ್ತಿರಲಿಲ್ಲ. ಸರಾಸರಿ ಅಂದಾಗ ಎಲ್ಲರೂ ಸ್ವಲ್ಪ ಸ್ವಲ್ಪ ಬದಲಾದರೆ ಸಾಕು, ಯಾರೂ ಸೋತ ಹಾಗಾಗಲ್ಲ. ರೈಲ್ವೆ ಕಂಪನಿಗಳು ಮೊದಲು ಒಪ್ಪಿದವು, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಬ್ರಿಟನ್ನಿನ ಬಹುತೇಕ ವರ್ಕ್‌ಶಾಪುಗಳು ಹಿಂಬಾಲಿಸಿದವು. ಕ್ರಿಮಿಯನ್ ಯುದ್ಧದ ಕಾಲಕ್ಕೆ ಇದರ ಬಲ ಎಲ್ಲರಿಗೂ ಕಂಡಿತು. ಜಾನ್ ಪೆನ್ ಅನ್ನುವ ಎಂಜಿನಿಯರ್ ನೌಕಾಪಡೆಯ ಗನ್‌ಬೋಟುಗಳಿಗೆ ಸುಮಾರು 90 ಜೊತೆ ಎಂಜಿನ್‌ಗಳನ್ನು ತುರ್ತಾಗಿ ಮಾಡಿಕೊಡಬೇಕಿತ್ತು. ಭಾಗಗಳನ್ನು ಬೇರೆ ಬೇರೆ ವರ್ಕ್‌ಶಾಪುಗಳಿಗೆ ಹಂಚಿ, ಎಲ್ಲ ತಂದು ಜೋಡಿಸಿದರು. ಎಲ್ಲರದ್ದೂ ಒಂದೇ ಅಳತೆ ಆಗಿದ್ದರಿಂದ ಅವು ಕೂತವು.

ಅಳತೆಯಲ್ಲಿ ವಿಟ್‌ವರ್ತ್ ಎಷ್ಟು ದೂರ ಹೋದರು ಅನ್ನೋದು 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಗೊತ್ತಾಯಿತು. ಅಲ್ಲಿ ಅವರು ಇಂಚಿನ ಹತ್ತು ಲಕ್ಷದ ಒಂದು ಭಾಗ ಅಳೆಯುವ ಯಂತ್ರ ಇಟ್ಟಿದ್ದರು. ಅದು ಮಿಲಿಮೀಟರಿನ ಸುಮಾರು 40,000ದ ಒಂದು ಭಾಗ. ಅದರ ಲೆಕ್ಕ ನಾವೂ ಮಾಡಬಹುದು. ಇಂಚಿಗೆ 20 ಥ್ರೆಡ್ ಇರುವ ಸ್ಕ್ರೂ, ಅದನ್ನು ತಿರುಗಿಸೋಕೆ 200 ಹಲ್ಲಿನ ವರ್ಮ್ ಚಕ್ರ, ಆ ವರ್ಮ್ ಶಾಫ್ಟಿನ ಮೇಲೆ 250 ಗುರುತುಗಳ ಡಯಲ್. 20ನ್ನು 200ರಿಂದ, ಅದನ್ನು 250ರಿಂದ ಗುಣಿಸಿ, ಹತ್ತು ಲಕ್ಷ ಬರುತ್ತೆ. ಎಲೆಕ್ಟ್ರಾನಿಕ್ಸ್ ಏನೂ ಇಲ್ಲ. ಮುಟ್ಟಿದೆಯೋ ಇಲ್ಲವೋ ಅಂತ ತಿಳಿಯೋಕೆ ಅಂಚುಗಳ ನಡುವೆ ತೆಳ್ಳನೆ ಸಪಾಟು ಉಕ್ಕಿನ ತುಂಡೊಂದು ಇರುತ್ತಿತ್ತು. ಹಿಡಿತ ಒಂದು ಗುರುತಿನಷ್ಟು ಸಡಿಲವಾದರೂ ಅದು ಕೆಳಗೆ ಜಾರುತ್ತಿತ್ತು. ಸಪಾಟು ಮಾಡೋದು ಮೊದಲು, ಅಳೆಯೋದು ಆಮೇಲೆ ಅನ್ನೋ ಕ್ರಮ ಇಲ್ಲೂ ಕಾಣುತ್ತೆ.

ಇಷ್ಟೊಂದು ನಿಖರತೆ ಕೈಗೆ ಬಂದ ಮೇಲೆ ಅದು ಹೋದದ್ದು ಬಂದೂಕಿನ ಕಡೆಗೆ. ಇದನ್ನು ಮುಚ್ಚಿಟ್ಟು ಅವರ ಕಥೆ ಹೇಳೋದು ನ್ಯಾಯ ಅಲ್ಲ. 1854ರಲ್ಲಿ ಸರ್ಕಾರ ಸೈನ್ಯದ ಎನ್‌ಫೀಲ್ಡ್ ರೈಫಲ್ ತಯಾರಿಸುವ ಯಂತ್ರಗಳ ಬಗ್ಗೆ ಅವರನ್ನು ಕೇಳಿತು. ಅವರು ಸುಮ್ಮನೆ ಯಂತ್ರ ಮಾಡಿಕೊಡಲಿಲ್ಲ, ರೈಫಲ್ ಯಾಕೆ ಗುರಿ ತಪ್ಪುತ್ತೆ ಅಂತಲೇ ಪ್ರಯೋಗ ಶುರು ಮಾಡಿದರು. ತಮ್ಮ ಮನೆಯ ಜಾಗದಲ್ಲಿ 500 ಗಜ ಉದ್ದದ ಷೂಟಿಂಗ್ ಗ್ಯಾಲರಿ ಕಟ್ಟಿಸಿದರು. ಕೊನೆಗೆ ಆರು ಮೂಲೆಯ ಕೊಳವೆಯ, 0.451 ಇಂಚು ಬೋರಿನ ರೈಫಲ್ ಬಂತು. 1857ರ ಪರೀಕ್ಷೆಯಲ್ಲಿ ಎನ್‌ಫೀಲ್ಡ್ 1,400 ಗಜಕ್ಕೆ ಕೈಚೆಲ್ಲಿದರೆ, ಇದು 2,000 ಗಜದ ಗುರಿಯನ್ನೂ ಮುಟ್ಟಿತು. 1860ರಲ್ಲಿ ವಿಂಬಲ್ಡನ್ ಷೂಟಿಂಗ್ ಸ್ಪರ್ಧೆ ಉದ್ಘಾಟಿಸುವಾಗ ವಿಕ್ಟೋರಿಯಾ ರಾಣಿ ಸ್ಟ್ಯಾಂಡಿಗೆ ಬಿಗಿದ ವಿಟ್‌ವರ್ತ್ ರೈಫಲ್‌ನಿಂದಲೇ 400 ಗಜದ ಗುರಿಗೆ ಹೊಡೆದರು.

ಆದರೂ ಬ್ರಿಟಿಷ್ ಸೈನ್ಯ ಅದನ್ನು ತೆಗೆದುಕೊಳ್ಳಲಿಲ್ಲ. ಬೆಲೆ ಜಾಸ್ತಿ, ಕೊಳವೆಯಲ್ಲಿ ಮಸಿಯೂ ಬೇಗ ಕಟ್ಟಿಕೊಳ್ಳುತ್ತಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಗುರಿಕಾರರು ಅದನ್ನು ಬಳಸಿದರು. ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ಪಕ್ಷದ ಕೈಗೆ ಆ ನಿಖರತೆ ಸೇರಿತು. ಒಳ್ಳೆ ಟೂಲ್ ಯಾರ ಕೈಯಲ್ಲಿದ್ದರೂ ಒಳ್ಳೆ ಕೆಲಸವನ್ನೇ ಮಾಡುತ್ತೆ ಅಂತ ಹೇಳೋಕಾಗಲ್ಲ ಅನ್ನೋದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಅದೇ ಅಮೆರಿಕದಲ್ಲಿ ಅವರ ಥ್ರೆಡ್‌ಗೂ ಎದುರಾಳಿ ಹುಟ್ಟಿದ. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ, ತುದಿ ಚಪ್ಪಟೆ ಇರುವ ಥ್ರೆಡ್ ಮುಂದಿಟ್ಟರು. ಅವರ ವಾದ ಸರಳ. 55 ಡಿಗ್ರಿ ಗೇಜ್ ಮಾಡೋದು ಕಷ್ಟ, ದುಂಡು ತುದಿ ಕೊರೆಯೋದು ಇನ್ನೂ ಕಷ್ಟ, ಸಾಧಾರಣ ಮೆಕ್ಯಾನಿಕ್ ಕೂಡ ತನ್ನ ಶಾಪ್‌ನಲ್ಲೇ ಮಾಡಿಕೊಳ್ಳುವ ಥ್ರೆಡ್ ಬೇಕು. ಇದು ಸುಳ್ಳಾಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿದ್ದ ಎರಡೂ ದೇಶಗಳ ಬೋಲ್ಟುಗಳು ಹೊಂದದೆ ಪರದಾಡಿ, 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಸೇರಿ 60 ಡಿಗ್ರಿಗೇ ಒಪ್ಪಿದವು. ನಾವು ಬಳಸುವ ಮೆಟ್ರಿಕ್ ಥ್ರೆಡ್ ಕೂಡ 60 ಡಿಗ್ರಿಯೇ.

ಕೊನೆಯ ವರ್ಷಗಳಲ್ಲಿ ವಿಟ್‌ವರ್ತ್ ಮಾಡಿದ ಒಂದು ಕೆಲಸ ನಮ್ಮಂಥವರಿಗೆ ಸಂಬಂಧಪಟ್ಟದ್ದು. 1868ರಲ್ಲಿ ವರ್ಷಕ್ಕೆ 3,000 ಪೌಂಡ್ ಕೊಟ್ಟು, ತಲಾ 100 ಪೌಂಡಿನ 30 ಸ್ಕಾಲರ್‌ಶಿಪ್ ಶುರು ಮಾಡಿದರು. ಗಣಿತ, ಮೆಕ್ಯಾನಿಕ್ಸ್ ಬಂದರೆ ಸಾಲುತ್ತಿರಲಿಲ್ಲ. ಫೈಲಿಂಗ್, ಫಿಟ್ಟಿಂಗ್, ಟರ್ನಿಂಗ್, ಕಮ್ಮಾರಿಕೆಯಂಥ ಕೈಕೆಲಸದಲ್ಲೂ ಪಳಗಿರಬೇಕಿತ್ತು. ಶಾಪ್‌ನಲ್ಲಿ ದುಡಿಯುವ ಹುಡುಗ ಥಿಯರಿ ಕಲೀಬೇಕು, ಓದುವ ಹುಡುಗ ಟೂಲ್ ಹಿಡೀಬೇಕು ಅನ್ನೋದು ಅವರ ಹಟ. ಆ ಸ್ಕಾಲರ್‌ಶಿಪ್ ಬ್ರಿಟನ್ನಿನಲ್ಲಿ ಇವತ್ತಿಗೂ ನಡೀತಿದೆ. ಮರುವರ್ಷ ಅವರಿಗೆ ಬ್ಯಾರೊನೆಟ್ ಪದವಿ ಬಂತು. 1887ರ ಜನವರಿ 22ರಂದು ಮಾಂಟೆ ಕಾರ್ಲೋದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಆಸ್ತಿಯ ಬಹುಪಾಲು ಮ್ಯಾಂಚೆಸ್ಟರ್‌ನ ಆರ್ಟ್ ಗ್ಯಾಲರಿ, ಪಾರ್ಕು, ಆಸ್ಪತ್ರೆ, ಶಿಕ್ಷಣಕ್ಕೆ ಹೋಯಿತು.

ಅವರ ಅಳತೆ ಮಾತ್ರ ನಮ್ಮ ಸುತ್ತ ಇನ್ನೂ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಿ.ಎಸ್.ಡಬ್ಲ್ಯೂ. ಬೋಲ್ಟ್ ಕೇಳಿದರೆ ಈಗಲೂ ಸಿಗುತ್ತೆ. ಬಾತ್‌ರೂಮಿನ ಅರ್ಧ ಇಂಚಿನ ನಲ್ಲಿಯ ಥ್ರೆಡ್ 55 ಡಿಗ್ರಿಯದ್ದೇ, ಇಂಚಿಗೆ 14. ಹಾಗಾಗಿ ಟೂಲ್ ಕೊಳ್ಳೋಕೆ ಹೋದಾಗ ಕೆಲವು ವಿಷಯ ನೆನಪಿರಲಿ. ವಿಟ್‌ವರ್ತ್ ಸ್ಪ್ಯಾನರ್ ಮೇಲಿನ ಅಂಕಿ ಬೋಲ್ಟಿನ ದಪ್ಪ ಹೇಳುತ್ತೆ, ಬಾಯಿಯ ಅಗಲ ಅಲ್ಲ. ಮಿಲಿಮೀಟರ್ ಸ್ಪ್ಯಾನರ್‌ನಲ್ಲಿ ಬಾಯಿಯ ಅಗಲವೇ ಬರೆದಿರುತ್ತೆ. ಎರಡರ ಅಂಕಿಗಳನ್ನು ಹೋಲಿಸಿ ಕೊಂಡರೆ ದುಡ್ಡು ದಂಡ. ಬಿಗಿಯಾದ ನಟ್ಟಿಗೆ ಮೊದಲು ರಿಂಗ್ ಸ್ಪ್ಯಾನರ್ ಹಾಕಿ, ಓಪನ್ ಎಂಡ್ ಆಮೇಲೆ. ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಥ್ರೆಡ್, ಅದೇ ದಪ್ಪದ ಅಮೆರಿಕನ್ ಬೋಲ್ಟಿಗೆ 13. ಒಂದೆರಡು ಸುತ್ತು ಕೈಯಲ್ಲಿ ತಿರುಗಿ ಆಮೇಲೆ ಬಿಗಿಯಾದರೆ ಸ್ಪ್ಯಾನರ್ ಹಾಕಿ ಒತ್ತಬೇಡಿ, ಥ್ರೆಡ್ ಹೋಗುತ್ತೆ. ಮೊದಲು ಥ್ರೆಡ್ ಗೇಜ್ ಹಿಡಿದು ನೋಡಿ.

ಆ ಗೇಜ್ ನಮ್ಮ ಲ್ಯಾಬ್‌ನಲ್ಲೂ ಇದೆ. ಬೀಸಣಿಗೆ ಥರ ಬಿಚ್ಚಿಕೊಳ್ಳುವ ಎಲೆಗಳು, ಒಂದು ಕಡೆ 60 ಡಿಗ್ರಿ, ಇನ್ನೊಂದು ಕಡೆ 55 ಡಿಗ್ರಿ. ಮುಂದಿನ ಸಲ ಲ್ಯಾಬ್‌ಗೆ ಹೋದಾಗ ಆ 55ರ ಕಡೆಯನ್ನು ಬಿಚ್ಚಿ ನೋಡಿ. ಒಂದು ಕಾಲದ ಇಂಗ್ಲೆಂಡಿನ ವರ್ಕ್‌ಶಾಪುಗಳೆಲ್ಲ ತಮ್ಮ ತಮ್ಮ ಬೋಲ್ಟ್ ಬಿಟ್ಟುಕೊಟ್ಟು ಒಪ್ಪಿಕೊಂಡ ಕೋನ ಅದು.